ಕಾಕಾನ ಬ್ಯಾಟರಿ ಸೂಟ್‌ಕೇಸು

ನಮ್ಮ ಕಾಕಾ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದವರು. ನೌಕರಿ ಇರುವ ತನಕ ಅವರ ಹೆಚ್ಚಿನ ಹೊತ್ತು ಕಳೆದದ್ದು ಬ್ಯಾಟರಿ ರೂಮಿನಲ್ಲಿ. ಸಿಗ್ನಲ್ಲಿಗೆ ಕರೆಂಟು ಕೊಡುವ ದೊಡ್ಡ ಬ್ಯಾಟರಿಗಳು ಅಲ್ಲಿ ಸಾಲಾಗಿ ಕೂತಿರುತ್ತಿದ್ದವು. ಅವಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವುದು, ಗಾಜಿನ ನಳಿಕೆ ಅದ್ದಿ ಆಸಿಡ್ಡಿನ ಹದ ನೋಡುವುದು, ತಂತಿ ಕೂಡುವ ಕಡೆ ಹಸಿರು ಕಿಲುಬು ಕಟ್ಟಿದರೆ ಉಜ್ಜಿ ವ್ಯಾಸಲಿನ್ ಸವರುವುದು ಅವರ ನಿತ್ಯದ ಪೂಜೆ.

"ಬ್ಯಾಟರಿ ಅಂದ್ರ ಎಮ್ಮಿ ಇದ್ದಂಗ. ಹೊತ್ತಿಗೆ ಸರಿಯಾಗಿ ನೀರು ಕುಡಸಬೇಕು, ಮೈ ತಿಕ್ಕಬೇಕು. ಆವಾಗ ಹಾಲು ಕೊಡ್ತದ" ಎಂದು ನಾನು ಶಾಲೆಗೆ ಹೋಗುವಾಗಿನಿಂದ ಹೇಳುತ್ತ ಬಂದಿದ್ದಾರೆ.

ನಿವೃತ್ತಿಯಾದ ಮೇಲೆ ಅವರ ಎಮ್ಮೆಗಳೆಲ್ಲ ಇನ್ನೊಬ್ಬರ ಪಾಲಾದವು. ಮನೆಯಲ್ಲಿ ಇದ್ದದ್ದು ಒಂದೇ ಇನ್ವರ್ಟರು. ಅದನ್ನು ದಿನಕ್ಕೆರಡು ಸಲ ಬಗ್ಗಿ ನೋಡಿ, ಸಾಲದೆ ಓಣಿಯವರ ಸ್ಕೂಟರುಗಳ ಬ್ಯಾಟರಿಯನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಹೀಗಿರುವಾಗ ಹೋದ ವರ್ಷ ಫೋನಿನಲ್ಲಿ ಏನೋ ನೋಡುತ್ತ ಕೂತವರು ಒಂದು ಸೂಟ್‌ಕೇಸು ತರಿಸಿದರು. ಅದರ ಹೊಟ್ಟೆಯೊಳಗೆ ಬ್ಯಾಟರಿ ಇತ್ತು. ಹಿಡಿಕೆಯ ಕೆಳಗೆ ಫೋನಿನ ವಾಯರು ಚುಚ್ಚಲು ಎರಡು ಕಿಂಡಿ, ಪಕ್ಕದಲ್ಲಿ ಒಂದು ಗುಂಡಿ. ಗುಂಡಿ ಒತ್ತಿದರೆ ನಾಲ್ಕು ನೀಲಿ ದೀಪ ಹತ್ತುತ್ತಿದ್ದವು.

ಅದು ಬಂದ ಮೇಲೆ ಕಾಕಾ ಬರಿಗೈಯಲ್ಲಿ ಓಡಾಡಿದ್ದನ್ನು ನಾನು ಕಾಣೆ. ಸ್ಟೇಷನ್ನಿನ ಎದುರಿನ ಚಹಾದಂಗಡಿಗೂ ಅದನ್ನು ಎಳೆದುಕೊಂಡೇ ಹೋಗುತ್ತಿದ್ದರು. ಒಳಗೆ ಒಂದು ಟವೆಲ್ಲೂ ಇರುತ್ತಿರಲಿಲ್ಲ. ಅಂಗಡಿಯ ಪರಸಿ ಕಲ್ಲಿನ ನೆಲದ ಮೇಲೆ ಗಾಲಿ ಗಡಗಡ ಸದ್ದು ಮಾಡಿದರೆ ಒಳಗಿದ್ದವರು "ಗೂಡ್ಸ್ ಗಾಡಿ ಬಂತು, ಜರಾ ಸರೀರೋ" ಎಂದು ಜಾಗ ಬಿಡುತ್ತಿದ್ದರು. ಕಾಕಾ ಕೂತು, ಗುಂಡಿ ಒತ್ತಿ, ಯಾರ ಫೋನಿನಲ್ಲಿ ಚಾರ್ಜು ಕಡಿಮೆ ಇದೆ ಎಂದು ಕೇಳುತ್ತಿದ್ದರು. ತುಂಬಿದ ಫೋನನ್ನೂ ಮುಲಾಜಿಗೆ ಕೊಡುವವರಿದ್ದರು.

ಸೂಟ್‌ಕೇಸಿನ ಜೊತೆಗೆ ಒಂದು ಸಣ್ಣ ಪುಸ್ತಕ ಬಂದಿತ್ತು. ಅಕ್ಷರ ಸಾಸಿವೆಯಷ್ಟು ಸಣ್ಣವು. ಕಾಕಾ ಅದನ್ನು ನನ್ನ ಕೈಗೆ ಕೊಟ್ಟು, "ನೀ ಆಫೀಸಿನ್ಯಾಗ ದಿನಾ ಕಾಗದ ಓದಾವ. ಇದನ್ನ ಪೂರಾ ಓದಿ ನನಗ ಹೇಳು" ಎಂದರು. ನಾನು ಚಿತ್ತಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ದಿನವಿಡೀ ಕಾಗದ ಓದುವವನಿಗೆ ಮನೆಯಲ್ಲಿ ಕಾಗದ ಕಂಡರೆ ಹೇಗಿರುತ್ತದೆಂದು ಕಾಗದ ಓದುವವರಿಗೇ ಗೊತ್ತು. ಮೊದಲ ಪುಟ ಓದಿದೆ. ಚಾರ್ಜ್ ಮಾಡುವಾಗ ಒದ್ದೆ ಕೈಯಿಂದ ಮುಟ್ಟಬೇಡಿ ಎಂದಿತ್ತು. ಮರುದಿನವೇ ಪುಸ್ತಕ ಮರಳಿ ಕೊಟ್ಟು, "ಓದಿನ್ರಿ ಕಾಕಾ. ಒದ್ದಿ ಕೈಲೆ ಮುಟ್ಟಬಾರದು ಅಷ್ಟ" ಎಂದೆ. ಅವರು ಅದನ್ನು ಸೂಟ್‌ಕೇಸಿನ ಒಳಜೇಬಿನಲ್ಲಿ ಇಟ್ಟುಕೊಂಡರು.

ಇಷ್ಟರಲ್ಲಿ ಸೇಡಂನಿಂದ ಅತ್ಯಾನ ಫೋನು ಬಂತು. ಅತ್ಯಾ ಕಾಕಾನ ಅಕ್ಕ, ನನಗೆ ಸೋದರತ್ತೆ. ಚಿಂಚೋಳಿ ತಾಲೂಕಿನ ಹಳ್ಳಿಗಳಲ್ಲಿ ಮೂವತ್ತು ವರ್ಷ ಪ್ರಾಥಮಿಕ ಶಾಲೆಯ ಟೀಚರಾಗಿದ್ದು, ಈಗ ಸೇಡಂನಲ್ಲಿ ಮನೆ ಮಾಡಿಕೊಂಡಿದ್ದಾಳೆ. ಕೊಡ್ಲಿ ಎಂಬ ಊರಿನಲ್ಲಿದ್ದಾಗ ಅವಳ ಕೈಯಲ್ಲಿ ಅಕ್ಷರ ತಿದ್ದಿದ ಒಬ್ಬ ಹುಡುಗಿ ಈಗ ದಿಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರು. ಆಕೆಗೆ ಹೆಣ್ಣು ಮಗು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ದಿನ ಟೀಚರು ಬರಲೇಬೇಕೆಂದು ಹಟ ಹಿಡಿದು, ಹೈದರಾಬಾದಿನಿಂದ ಮೂರು ವಿಮಾನದ ಟಿಕೆಟು ಕಳಿಸಿಬಿಟ್ಟಿದ್ದಳು. ಒಂದು ಟೀಚರಿಗೆ, ಉಳಿದೆರಡು "ನಿಮ್ಮನ್ನ ಜ್ವಾಕೀಲೆ ಕರಕೊಂಡು ಬರಾವ್ರಿಗೆ".

"ನನ್ನ ಯಾರು ಜ್ವಾಕಿ ಮಾಡ್ತೀರಿ ನೋಡ್ತೀನಿ. ನಿಮ್ಮಿಬ್ಬರನ್ನ ನಾನ ಕರಕೊಂಡು ಹೋಗ್ತೀನಿ, ಬರ್ರಿ" ಎಂದಳು ಅತ್ಯಾ.

ಕಾಕಾನಿಗೆ ಸೂಟ್‌ಕೇಸಿನ ಜನ್ಮ ಸಾರ್ಥಕವಾಗುವ ಘಳಿಗೆ ಬಂದಿತ್ತು. ವಿಮಾನ ನಿಲ್ದಾಣದಲ್ಲಿ ಚಾರ್ಜಿಂಗಿಗೆ ಜನ ಹೇಗೆ ಮುಗಿಬೀಳುತ್ತಾರೆ, ಆಗ ತಾನು ಹೇಗೆ ಒಂದು ಮೂಲೆಯಲ್ಲಿ ಆರಾಮಾಗಿ ಕೂತು ಗುಂಡಿ ಒತ್ತುತ್ತೇನೆ ಎಂದು ವಾಡಿಯಿಂದ ಸೇಡಂವರೆಗೆ ದಾರಿಯುದ್ದಕ್ಕೂ ವರ್ಣಿಸಿದರು. ಅವರೂ ವಿಮಾನ ಹತ್ತಿರಲಿಲ್ಲ, ನಾನೂ ಹತ್ತಿರಲಿಲ್ಲ. ಹೀಗಾಗಿ ತಕರಾರು ಮಾಡುವವರು ಇರಲಿಲ್ಲ.

ಸೇಡಂನಲ್ಲಿ ಅತ್ಯಾ ತನ್ನ ಎರಡು ಬಟ್ಟೆ ಚೀಲಗಳನ್ನು ತುಂಬಿ ಬಾಗಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಕಾಕಾ ಅವನ್ನು ನೋಡಿ ಹಣೆ ಚಚ್ಚಿಕೊಂಡರು.

"ಅಕ್ಕಾ, ಇದೇನು ಸಂತಿಗಿ ಹೊಂಟೀಯೇನು? ವಿಮಾನದಾಗ ಇಂಥಾ ಪಿಶವಿ ತಗೊಂಡು ಹೋದ್ರ ನಗ್ತಾರ. ತಾ ಇಲ್ಲೆ, ಎಲ್ಲಾ ಇದರಾಗ ಹಿಡಸ್ತದ."

"ನನ್ನ ಮಡಿ ಸೀರಿ ಅದರಾಗ ಅದ. ನೀ ಮುಟ್ಟಬ್ಯಾಡ."

"ನಾ ಮುಟ್ಟಂಗಿಲ್ಲ, ನೀನ ಇಡು."

ಅತ್ಯಾನ ಮಡಿಯ ವಿಷಯ ಒಂದು ಮಾತು ಹೇಳಬೇಕು. ಅವಳ ಮಡಿಗೆ ಕಾಯಿದೆಗಳು ಬಹಳ, ಆದರೆ ತಿದ್ದುಪಡಿ ಮಾಡುವ ಅಧಿಕಾರ ಪೂರ್ತಿ ಅವಳದೇ. ಹಳ್ಳಿ ಶಾಲೆಯಲ್ಲಿ ಮಕ್ಕಳ ಮೂಗು ಒರೆಸುತ್ತ, ಯಾರ ಮನೆಯಿಂದ ರೊಟ್ಟಿ ಬಂದರೂ ಉಣ್ಣುತ್ತ ಮೂವತ್ತು ವರ್ಷ ಕಳೆದವಳು. ಮನೆಗೆ ಬಂದು ಸೀರೆ ಬದಲಿಸಿದರೆ ಮಾತ್ರ ನಾವು ಯಾರೂ ಹತ್ತಿರ ಸುಳಿಯುವಂತಿಲ್ಲ. ಹೀಗೇಕೆ ಎಂದರೆ, "ಅದು ಅದಕ್ಕ, ಇದು ಇದಕ್ಕ" ಎನ್ನುತ್ತಾಳೆ.

ಅಂತೂ ಸೂಟ್‌ಕೇಸು ತುಂಬಿತು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಮಡಿ ಸೀರೆ, ಐದು ಕಿಲೋ ತೊಗರಿಬೇಳೆ, ಖಡಕ್ ರೊಟ್ಟಿಯ ದೊಡ್ಡ ಕಟ್ಟು, ಶೇಂಗಾ ಹಿಂಡಿ, ಬಾಣಂತಿಗೆ ಅಂಟಿನುಂಡೆ, ನಮ್ಮ ಮೂವರ ಬಟ್ಟೆ. ಎಲ್ಲದರ ಮೇಲೆ ಒಂದು ಕೌದಿ. ಡಾಕ್ಟರ್ ಹುಡುಗಿಯ ಅಜ್ಜಿ ಕೊಡ್ಲಿಯಿಂದ ಕಳಿಸಿದ್ದು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಕೂಡಿಸಿ ದಪ್ಪ ದಾರದಿಂದ ಹೊಲಿದಿದ್ದ ಅದು ಇಬ್ಬರು ಹೊದೆಯುವಷ್ಟು ಅಗಲವಿತ್ತು. ಮಗುವಿಗೆ ಇಷ್ಟು ದೊಡ್ಡದೇಕೆ ಎಂದು ನಾನು ಕೇಳಿದ್ದಕ್ಕೆ ಅತ್ಯಾ, "ಕೂಸು ಹಂಗ ಇರ್ತದೇನು? ಬೆಳೀತದ" ಎಂದಳು. ಸೂಟ್‌ಕೇಸಿನ ಬಾಯಿ ಮುಚ್ಚಲು ನಾನು ಅದರ ಮೇಲೆ ಕೂರಬೇಕಾಯಿತು. ಕಾಕಾ "ಬ್ಯಾಟರಿ ಕಡಿ ಕುಂದರಬ್ಯಾಡೋ" ಎಂದು ಕೂಗಿದರು.

ಚಿಂಚೋಳಿ ಕಡೆಯ ಒಬ್ಬ ಡ್ರೈವರಿನ ಕಾರು ಹೇಳಿದ್ದೆವು. ನಸುಕಿನಲ್ಲೇ ಹೊರಟು ತಾಂಡೂರು ದಾಟಿ, ಹೊತ್ತು ಏರುವಷ್ಟರಲ್ಲಿ ವಿಮಾನ ನಿಲ್ದಾಣ ಮುಟ್ಟಿದೆವು. ಡ್ರೈವರು ನಮ್ಮನ್ನು ಇಳಿಸಿ, ಚಹಾ ಕುಡಿದು ಊರಿಗೆ ಹೋಗುತ್ತೇನೆಂದು ಹೇಳಿ ಹೋದ.

ಸಾಮಾನು ಕೊಡುವ ಕೌಂಟರಿನ ಸಾಲು ಉದ್ದಕ್ಕಿತ್ತು. ನಮ್ಮ ಪಾಳಿ ಬಂದಾಗ ಒಳಗೆ ಕೂತ ಹುಡುಗಿ ಟಿಕೆಟು ನೋಡಿ, ಸೂಟ್‌ಕೇಸು ತೂಕಕ್ಕೆ ಇಡಲು ಹೇಳಿ, ಹಿಂದಿಯಲ್ಲಿ ಬಾಯಿಪಾಠದಂತೆ ಕೇಳಿದಳು: ಇದರಲ್ಲಿ ಲೈಟರ್, ಬೆಂಕಿಪೊಟ್ಟಣ, ಪವರ್ ಬ್ಯಾಂಕ್, ಬ್ಯಾಟರಿ ಏನಾದರೂ ಇದೆಯೇ?

ಸಾಲಿನಲ್ಲಿದ್ದ ಪ್ರತಿಯೊಬ್ಬರೂ ಈ ಪ್ರಶ್ನೆಗೆ ತಲೆ ಅಲ್ಲಾಡಿಸಿ ಮುಂದೆ ಹೋಗಿದ್ದರು. ಕಾಕಾ ಮಾತ್ರ ಜೀವನದಲ್ಲಿ ಯಾರಾದರೂ ತನ್ನನ್ನು ಈ ಪ್ರಶ್ನೆ ಕೇಳಲಿ ಎಂದೇ ಕಾದಿದ್ದವರಂತೆ ಅರಳಿದರು. "ಹೈ ನಾ ಬೇಟಿ!" ಎಂದು ಬಗ್ಗಿ ಗುಂಡಿ ಒತ್ತಿದರು. ನಾಲ್ಕೂ ನೀಲಿ ದೀಪ ಹತ್ತಿದವು. ಹಿಂದಿನ ಸಾಲಿನವರೂ ನೋಡಲೆಂದು ಅವರು ಸೂಟ್‌ಕೇಸನ್ನು ಜರಾ ತಿರುಗಿಸಿದರು ಕೂಡ.

ಹುಡುಗಿಯ ಮುಖ ಬದಲಾಯಿತು. "ಅಂಕಲ್, ಬ್ಯಾಟರಿ ಹೊರಗೆ ತೆಗೆಯಿರಿ. ಅದನ್ನು ನೀವು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಸೂಟ್‌ಕೇಸು ಮಾತ್ರ ಕೆಳಗೆ ಹೋಗುತ್ತದೆ" ಎಂದಳು.

"ಅಷ್ಟ ಹೌದಿಲ್ಲೋ?" ಎಂದರು ಕಾಕಾ ನನ್ನ ಕಡೆ ತಿರುಗಿ. "ಎರಡು ನಿಮಿಷದ ಕೆಲಸ."

ಸಾಲಿನಿಂದ ಪಕ್ಕಕ್ಕೆ ಬಂದು, ನೆಲದ ಮೇಲೆ ಸೂಟ್‌ಕೇಸು ಬಿಚ್ಚಿ ಕೂತೆವು. ಅತ್ಯಾ ತನ್ನ ಮಡಿ ಸೀರೆಯ ಚೀಲವನ್ನು ಮೊದಲೇ ಎತ್ತಿ ಎದೆಗೆ ಅಪ್ಪಿಕೊಂಡಳು. ಬೇಳೆ, ರೊಟ್ಟಿ, ಹಿಂಡಿ, ನಮ್ಮ ಅಂಗಿ, ಬನಿಯನ್ ಎಲ್ಲ ಹೊಳೆಯುವ ಆ ನೆಲದ ಮೇಲೆ ಬಂದು ಕೂತವು. ಕಾಕಾನ ಜೇಬಿನಲ್ಲಿ ಸದಾ ಇರುವ ಗಿಡ್ಡ ಸ್ಕ್ರೂಡ್ರೈವರ್ ಹೊರಬಂತು. ಅಸ್ತರಿನ ಜಿಪ್ಪು ಸರಿಸಿ ಒಳಗೆ ಕೈ ಹಾಕಿದರು. ಕೈ ಆಡಿಸಿದರು. ಫೋನಿನ ಬೆಳಕು ಬಿಡಲು ನನಗೆ ಹೇಳಿದರು. ಬಗ್ಗಿ ನೋಡಿದೆವು. ಕಪ್ಪು ಪ್ಲಾಸ್ಟಿಕ್ಕಿನ ಒಂದು ಡಬ್ಬಿ ಸೂಟ್‌ಕೇಸಿನ ಬೆನ್ನಿಗೇ ಅಂಟಿಕೊಂಡಿತ್ತು. ಒಂದು ಸ್ಕ್ರೂ ಇಲ್ಲ, ಕೊಂಡಿ ಇಲ್ಲ, ಮುಚ್ಚಳ ಇಲ್ಲ. ತಂತಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದೂ ತಿಳಿಯಲಿಲ್ಲ.

ಕಾಕಾ ಡಬ್ಬಿಯ ಸುತ್ತಲೂ ಬೆರಳಾಡಿಸಿ ನೋಡಿದರು. ಆಮೇಲೆ, "ನೀರು ಹಾಕಲಿಕ್ಕೂ ಜಾಗ ಇಟ್ಟಿಲ್ಲಲೋ" ಎಂದರು.

ಅವರ ದನಿಯಲ್ಲಿ ಅಂಥ ಸಂಕಟವಿತ್ತು, ನನಗೆ ನಗುವೂ ಬಂತು, ನಗಲಿಕ್ಕೂ ಆಗಲಿಲ್ಲ.

ಹುಡುಗಿ ಕೌಂಟರು ಬಿಟ್ಟು ನಮ್ಮ ಹತ್ತಿರವೇ ಬಂದಳು. ಬ್ಯಾಟರಿ ಬಿಚ್ಚಲು ಬಾರದಿದ್ದರೆ ಈ ಸೂಟ್‌ಕೇಸು ವಿಮಾನ ಹತ್ತುವಂತಿಲ್ಲ ಎಂದಳು. ಕೆಳಗೂ ಇಲ್ಲ, ಮೇಲೆ ನಮ್ಮ ಜೊತೆಗೂ ಇಲ್ಲ. ಕಾಕಾ ಬಿಡಲಿಲ್ಲ. ಎಲ್ಲರ ಕೈಯಲ್ಲೂ ಫೋನಿದೆ, ಅದರಲ್ಲಿ ಬ್ಯಾಟರಿ ಇಲ್ಲವೇ ಎಂದು ವಾದ ಹೂಡಿದರು. ಅಷ್ಟರಲ್ಲಿ ಅತ್ಯಾ ತೆಲುಗಿನಲ್ಲಿ ಮಾತಿಗಿಳಿದಳು. ಸೇಡಂ ಗಡಿಯ ತೆಲುಗು ಅದು, ಕನ್ನಡದ ಹುರುಪಿನಲ್ಲಿ ಆಡುವಂಥದು. ಹುಡುಗಿ ಅದನ್ನು ಕೇಳಿ ಮೆತ್ತಗಾದಳು. ಅತ್ಯಾನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಿಡಿಸಿ ಹೇಳಿದಳು: ಫೋನು ಕೈಯಲ್ಲಿರುತ್ತದೆ ಅಮ್ಮಾ, ಬಿಸಿಯಾದರೆ, ಹೊಗೆ ಬಂದರೆ ನಮಗೆ ಕಾಣುತ್ತದೆ, ಆರಿಸುತ್ತೇವೆ. ಸಾಮಾನಿನ ಕೋಣೆಯಲ್ಲಿ ಒಂದು ಬ್ಯಾಟರಿ ಹೊತ್ತಿಕೊಂಡರೆ ನೋಡುವವರು ಯಾರು? ಮೇಲೆ ಒಯ್ದರೂ, ಬಿಚ್ಚಿ ಬೇರೆ ಮಾಡಲಾಗದ ಬ್ಯಾಟರಿಯನ್ನು ಆ ಹೊತ್ತಿಗೆ ಏನು ಮಾಡುವುದು?

ಅತ್ಯಾ ಅದನ್ನು ಕನ್ನಡದಲ್ಲಿ ಹೇಳಿದಾಗ ಕಾಕಾ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು.

"ಖರೆ ಅದ" ಎಂದರು. "ನಮ್ಮ ಬ್ಯಾಟರಿ ರೂಮಿನ್ಯಾಗ ಬೀಡಿ ಹಚ್ಚಿದಾವ್ರನ್ನ ನಾ ಕುತ್ತಿಗಿ ಹಿಡಿದು ಹೊರಗ ಹಾಕ್ತಿದ್ದೆ, ಸಾಹೇಬ ಇದ್ರೂ ಬಿಡ್ತಿರಲಿಲ್ಲ. ಈಗ ಇಕಿ ನನ್ನ ಹೊರಗ ಹಾಕ್ಯಾಳ. ಆಕಿ ಡ್ಯೂಟಿ ಆಕಿ ಮಾಡ್ಯಾಳ."

ವಿಷಯ ಇಲ್ಲಿಗೇ ಮುಗಿದಿದ್ದರೆ ನಾನೂ ಪಾರಾಗುತ್ತಿದ್ದೆ. ಆದರೆ ಸಾಮಾನು ಆರಿಸುತ್ತಿದ್ದ ಅತ್ಯಾನ ಕೈಗೆ ಒಳಜೇಬಿನ ಆ ಸಣ್ಣ ಪುಸ್ತಕ ಸಿಕ್ಕಿತು. ಕನ್ನಡಕ ಏರಿಸಿ, ಮಕ್ಕಳ ಉತ್ತರಪತ್ರಿಕೆ ತಿರುವಿದಂತೆ ಪುಟ ತಿರುವಿದಳು. ಮೂರನೆಯ ಪುಟದಲ್ಲಿ ಅವಳ ಬೆರಳು ನಿಂತಿತು.

"ಇಲ್ಲೇ ಬರದಾರಲ್ಲ! ಬ್ಯಾಟರಿ ತೆಗೀಲಿಕ್ಕೆ ಬರಂಗಿಲ್ಲ, ವಿಮಾನದಾಗ ಒಯ್ಯಬ್ಯಾಡ್ರಿ ಅಂತ. ಇದನ್ನ ಯಾರು ಓದಿದ್ರಿ?"

ಅತ್ಯಾ ನನಗೆ ಎರಡನೆಯ ಇಯತ್ತೆಯಲ್ಲಿ ಮಗ್ಗಿ ಕಲಿಸಿದವಳು. ಅವಳ ಮುಂದೆ ಓದದೆ ಓದಿದ್ದೇನೆ ಎಂದು ಹೇಳಿ ಸಿಕ್ಕಿಬಿದ್ದವನ ಗತಿ ಏನೆಂದು ನನಗೆ ಚೆನ್ನಾಗಿ ಗೊತ್ತು. ವಯಸ್ಸು ನಲವತ್ತೆಂಟಾದರೆ ಏನು, ಕಿವಿ ಇರುವ ಜಾಗದಲ್ಲೇ ಇರುತ್ತದೆ.

ಕಾಕಾ ನನ್ನನ್ನು ಒಂದು ಸಲ ನೋಡಿದರು. ನಾನು ತೊಗರಿಬೇಳೆಯ ಚೀಲವನ್ನು ನೋಡುತ್ತಿದ್ದೆ.

"ನಾನ ಓದಿದ್ದೆ ಅಕ್ಕಾ" ಎಂದರು ಕಾಕಾ. "ಅಕ್ಷರ ಭಾಳ ಸಣ್ಣವು, ನನಗ ಬರೋಬ್ಬರಿ ತಿಳೀಲಿಲ್ಲ."

ನನ್ನ ಜೀವಮಾನದಲ್ಲಿ ಕಾಕಾ ತನಗೆ ಏನಾದರೂ ತಿಳಿಯಲಿಲ್ಲ ಎಂದು ಹೇಳಿದ್ದನ್ನು ಕೇಳಿದ್ದು ಅದೇ ಮೊದಲು. ಅದೂ ಬ್ಯಾಟರಿಯ ವಿಷಯದಲ್ಲಿ! ಅತ್ಯಾ ಸಿಕ್ಕ ಅವಕಾಶ ಬಿಡಲಿಲ್ಲ. ಹುಟ್ಟಿದಾಗಿನಿಂದ ನೀನು ಹೀಗೇ, ದಂಡೋತಿಯ ಹೊಳೆಯಲ್ಲಿ ಆಳ ಕೇಳದೆ ಇಳಿದವನು ನೀನು, ನಿನ್ನನ್ನು ಎಳೆದು ದಂಡೆಗೆ ಹಾಕಿದವಳು ನಾನು, ಎಂದು ಐವತ್ತು ವರ್ಷ ಹಿಂದಿನ ಕಾಗಿಣಾ ನದಿಯ ತನಕ ಹೋಗಿ ಬಂದಳು. ಕಾಕಾ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಬಾಯಿ ಬಿಡಬೇಕಾದವನು ನಾನು. ಬಿಡಲಿಲ್ಲ. ಅವಸರವಿದೆ, ಈಗ ಸಾಮಾನಿನ ವಿಚಾರ ಮಾಡೋಣ ಎಂದು ಸಭ್ಯಸ್ಥನಂತೆ ನುಡಿದೆ.

ಸಾಮಾನಿನ ವಿಚಾರವನ್ನೂ ಅತ್ಯಾನೇ ಮಾಡಿದಳು. ಕೌದಿಯನ್ನು ನೆಲದ ಮೇಲೆ ಹಾಸಿದಳು. ನಡುವೆ ಬೇಳೆ, ಸುತ್ತಲೂ ಬಟ್ಟೆ, ಮೇಲೆ ರೊಟ್ಟಿ, ಅಂಟಿನುಂಡೆ. ನಾಲ್ಕೂ ಮೂಲೆ ಎತ್ತಿ ಎದುರುಬದುರು ಗಂಟು ಹಾಕಿ, ಕಾಲು ಒತ್ತಿ ಬಿಗಿದಳು. ಹೊಲಕ್ಕೆ ಬುತ್ತಿ ಕಟ್ಟಿದ ಹಾಗೆ ಒಂದು ಭಾರಿ ಗಂಟು ತಯಾರಾಯಿತು. ಕೆಂಪು, ಹಸಿರು, ಹಳದಿ ತುಂಡುಗಳ ಆ ಗಂಟು ಕಪ್ಪು, ನೀಲಿ ಸೂಟ್‌ಕೇಸುಗಳ ಸಾಲಿನಲ್ಲಿ ಹೋಗಿ ಕೂತಾಗ ಹೋಗಿಬರುವವರೆಲ್ಲ ನಿಂತು ನೋಡಿದರು. ಒಬ್ಬಳು ಫೋಟೋನೂ ತೆಗೆದುಕೊಂಡಳು. ಅಲ್ಲೇ ಸಾಮಾನಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿಕೊಡುವವರು ಇದ್ದರು. ಕೌಂಟರಿನ ಹುಡುಗಿಯೇ ಅವರನ್ನು ಕರೆದು ಗಂಟಿಗೆ ಹಾಳೆ ಸುತ್ತಿಸಿ, ಚೀಟಿ ಅಂಟಿಸಿ ಬೆಲ್ಟಿನ ಮೇಲೆ ಕಳಿಸಿದಳು.

"ಮಡಿ ಸೀರಿ?" ಎಂದು ಕೇಳಿದೆ.

"ಅದು ನನ್ನ ಕೈಯಾಗ ಇರ್ತದ."

"ಮುಂದ ಮಷೀನಿನ್ಯಾಗ ಹಾಕಂತಾರಲ್ಲ?"

ಅತ್ಯಾ ಕ್ಷಣ ವಿಚಾರ ಮಾಡಿದಳು. "ಮಷೀನಿಗಿ ಮೈಲಿಗಿ ಇರಂಗಿಲ್ಲ" ಎಂದಳು. ತಿದ್ದುಪಡಿ ಅಲ್ಲೇ ಜಾರಿಗೆ ಬಂತು.

ಅತ್ತ ಕಾಕಾ ಡ್ರೈವರಿಗೆ ಫೋನು ಹಚ್ಚಿದ್ದರು. ಪುಣ್ಯಕ್ಕೆ ಆತ ಇನ್ನೂ ಚಹಾದಂಗಡಿಯಲ್ಲೇ ಇದ್ದ. ಬಾಗಿಲ ಕಾವಲಿನವರಿಗೆ ಹೇಳಿಕೇಳಿ, ಖಾಲಿ ಸೂಟ್‌ಕೇಸು ಎಳೆದುಕೊಂಡು ಕಾಕಾ ಹೊರಗೆ ಹೋದರು. ನಾನೂ ಹಿಂದೆ ಹೋದೆ.

"ಕಾಕಾ, ವಿಮಾನದಾವ್ರು ಇದಕ್ಕ ಟಿಕೆಟ್ ಕೊಡಲಿಲ್ಲೇನ್ರಿ?" ಎಂದ ಡ್ರೈವರು, ನಗು ತಡೆಯುತ್ತ.

"ಇದು ರೋಡಿನ ಮ್ಯಾಲ ಹೋಗಾ ಸಾಮಾನು. ಚಿಂಚೋಳಿಗಿ ಒಯ್ದು ನಿನ್ನ ಮನ್ಯಾಗ ಇಡು. ಹಾದ್ಯಾಗ ಯಾರರೆ ಚಾರ್ಜ್ ಕೇಳಿದ್ರ ಇಲ್ಲ ಅನಬ್ಯಾಡ." ಕಾರಿನ ಹಿಂದಿನ ಸೀಟಿನಲ್ಲಿ ಅದನ್ನು ಕೂರಿಸಿ, ಜೇಬಿನ ಸ್ಕ್ರೂಡ್ರೈವರನ್ನೂ ಅದರೊಳಗೆ ಹಾಕಿ, ಬಾಗಿಲು ಹಾಕುವ ಮೊದಲು ಗುಂಡಿ ಒತ್ತಿ ದೀಪ ನೋಡಿದರು. "ನಾಲ್ಕೂ ಅವ" ಎಂದರು.

ಒಳಗೆ ಬರುವಾಗ ನಾನು, "ಕಾಕಾ, ನಾ ಪೂರಾ ಓದಿರಲಿಲ್ರಿ" ಎಂದೆ.

"ಗೊತ್ತದ" ಎಂದರು. "ನೀ ಅಷ್ಟು ಲಗೂನ ವಾಪಸ್ ಕೊಟ್ಟಾಗ ಗೊತ್ತಾಗಿತ್ತು. ನನಗೂ ಓದಾದು ಬ್ಯಾಸರ ಇತ್ತು, ಸುಮ್ಮನಾದೆ. ಅಕ್ಕನ ಬೈಗಳ ನನಗ ರೂಢಿ ಅದ, ನಿನಗ ತಡಕೊಳ್ಳಲಿಕ್ಕೆ ಆಗಂಗಿಲ್ಲ. ನಡಿ."

ವಿಮಾನ ಮೇಲೇರುವಾಗ ಅತ್ಯಾ ಕಣ್ಣು ಮುಚ್ಚಿ ವಿಷ್ಣುವಿನ ಹೆಸರುಗಳನ್ನು ಹೇಳಿಕೊಂಡಳು. ಕಾಕಾ ರೆಕ್ಕೆಯ ತುದಿಯ ಕೆಂಪು ದೀಪ ನೋಡುತ್ತ, ಅದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಗಗನಸಖಿಯನ್ನು ಎರಡು ಸಲ ವಿಚಾರಿಸಿದರು.

ದಿಲ್ಲಿಯಲ್ಲಿ ಡಾಕ್ಟರ್ ಹುಡುಗಿಯ ಗಂಡ ನಮ್ಮನ್ನು ಕರೆದೊಯ್ಯಲು ಬಂದಿದ್ದ. ಮನೆಯ ಬಾಗಿಲಲ್ಲಿ ಗಂಟು ಇಳಿಸಿದ್ದೇ ತಡ, ಡಾಕ್ಟರಮ್ಮ ಮಗುವನ್ನು ತನ್ನ ತಾಯಿಯ ಕೈಗೆ ಕೊಟ್ಟು ಓಡಿ ಬಂದಳು. ಟೀಚರಿಗೆ ನಮಸ್ಕಾರ ಮಾಡುವುದನ್ನೂ ಮರೆತು ಪ್ಲಾಸ್ಟಿಕ್ ಹಾಳೆಯ ಮೇಲಿಂದಲೇ ಕೌದಿಯ ಮೇಲೆ ಕೈಯಾಡಿಸಿದಳು.

"ಟೀಚರ್, ಇದು ನಮ್ಮಾಯಿ ಕೌದಿ! ಸೂಟ್‌ಕೇಸ್‌ನ್ಯಾಗ ಮುಚ್ಚಿ ತರ್ತೀರಿ ಅಂತ ಮಾಡಿದ್ದೆ. ಊರಾಗಿಂದ ಬಂದಂಗ ಬಂದೀರಿ."

"ಮತ್ತ? ನಾ ಬ್ಯಾಡ ಅಂದ್ರೂ ಇವ ಸೂಟ್‌ಕೇಸ್ ತಂದಿದ್ದ. ದೇವರು ದೊಡ್ಡಾವ, ಅಲ್ಲೇ ಬಿಡಿಸಿದ" ಎಂದಳು ಅತ್ಯಾ. ಕಾಕಾ ಗಂಟಿನ ಪ್ಲಾಸ್ಟಿಕ್ ಹಾಳೆ ಬಿಚ್ಚತೊಡಗಿದರು.

ಮರುದಿನ ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿ, ವಂದನೆ ಹೇಳಿ, ಮಗುವಿಗೆ ಹೆಸರಿಟ್ಟರು. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಲಲ್ಲಿ ಹಾಸಿದ್ದರು. ಅತ್ಯಾ ಮಡಿ ಸೀರೆ ಉಟ್ಟು ಬಂದಳು. ನಾವಿಬ್ಬರೂ ಅಭ್ಯಾಸಬಲದಿಂದ ದೂರ ಸರಿದೆವು. ಅವಳು ನೇರ ಹೋಗಿ ಮಗುವನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಜೋಗುಳ ಹಾಡಿದಳು. ಮಗು ಸೀರೆಯ ಮೇಲೆ ತನ್ನ ಕೆಲಸ ಮಾಡಿತು. ಅತ್ಯಾ ನಕ್ಕಳು, ಹಾಡು ನಿಲ್ಲಿಸಲಿಲ್ಲ.

ತಿರುಗಿ ಬರುವಾಗ ಕಾಕಾ ವಿಮಾನ ಬೇಡವೆಂದರು. ದಿಲ್ಲಿಯಿಂದ ವಾಡಿಗೆ ನೇರ ರೈಲಿದೆ, ತನ್ನ ಸಿಗ್ನಲ್ಲುಗಳನ್ನು ನೋಡುತ್ತ ಹೋಗೋಣ ಎಂದರು. ಶಹಾಬಾದ ದಾಟಿ ವಾಡಿಯಲ್ಲಿ ಇಳಿದಾಗ ಚಹಾದಂಗಡಿಯವರು ಗೂಡ್ಸ್ ಗಾಡಿ ಎಲ್ಲಿ ಎಂದು ಕೇಳಿದರು. ಕಾಕಾ ಬೆಂಚಿನ ಮೇಲೆ ಕಾಲು ಮಡಚಿ ಕೂತು ಶುರು ಮಾಡಿದರು. "ಅದರ ಪವರ್ ನೋಡಿ ಹೈದರಾಬಾದಿನಾವ್ರು ಹೆದರಿಬಿಟ್ರು ನೋಡು. ಇಡೀ ವಿಮಾನ ನಿಲ್ಲಿಸಿದ್ರು..." ಅತ್ಯಾ ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ಸೇಡಂ ಕಡೆಯ ಪ್ಯಾಸೆಂಜರಿಗೆ ಹತ್ತಿಸಿ, ಕಚೇರಿಗೆ ಹೋಗಲು ನಾನೂ ಹತ್ತಿದೆ.

ಗಾಡಿ ಬಿಟ್ಟ ಮೇಲೆ, ನಾನು ಇಳಿಯಬೇಕಾದ ಚಿತ್ತಾಪುರ ಬರುವುದರೊಳಗೆ ಹೇಳಿಬಿಡಬೇಕೆಂದು, ಪುಸ್ತಕ ಓದಬೇಕಾಗಿದ್ದವನು ನಾನು, ಕಾಕಾ ಅಲ್ಲ ಎಂದೆ.

ಅತ್ಯಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಆ ಸೂಟ್‌ಕೇಸ್ ಬರಾಕಿಂತ ಮೊದಲ ಅವನ ಕನ್ನಡಕ ಒಡದದ, ಅವ ಏನು ಓದ್ಯಾನು? ನೀ ಆವಾಗ ಬ್ಯಾಳಿ ಚೀಲ ನೋಡಾಕತ್ತಿದ್ದೆಲ್ಲ, ಆವಾಗ ತಿಳೀತು."

"ಮತ್ತ ಅವರಿಗ್ಯಾಕ ಅಷ್ಟು ಬೈದಿ ಅತ್ಯಾ?"

"ನಿನ್ನ ಸಲುವಾಗಿ ಬೈಸಿಕೊಳ್ಳಾಕ ತಯಾರಾಗಿ ನಿಂತಿದ್ದ. ನಾ ಬೈಲಿಲ್ಲಂದ್ರ ಅವನ ಮಾತಿಗಿ ಏನು ಮರ್ಯಾದಿ ಉಳೀತಿತ್ತು?" ಎಂದಳು. ಆಮೇಲೆ ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತ, "ನಿನಗ ಬೈಯಾದು ಇನ್ನಾ ಬಾಕಿ ಅದ. ಚಿತ್ತಾಪುರಕ್ಕ ಇನ್ನಾ ಹೊತ್ತದ. ಈ ಕಡಿ ಸರಿದು ಕುಂದ್ರು" ಎಂದಳು.